ಕ್ಯಾಪ್ ಏರಿದರೂ ಕೈ ಬಿಗಿಯೇ: ಎನ್‌ಎಚ್‌ಎಲ್‌ನಲ್ಲಿ ಗೆಲ್ಲುವ ತಂಡ ಕಟ್ಟುವ ಲೆಕ್ಕ

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ತಂಡ ಆಟಗಾರರ ವೇತನಕ್ಕೆ ಇಷ್ಟೇ ಖರ್ಚು ಮಾಡಬಹುದು ಎಂಬ ಮಿತಿ, ಅಂದರೆ ಕ್ಯಾಪ್, ಇದೆ. ಕೋವಿಡ್ ಕಾಲದಲ್ಲಿ ಆ ಮಿತಿ ಸತತ ಮೂರು ಸೀಸನ್ 8.15 ಕೋಟಿ ಡಾಲರ್‌ನಲ್ಲೇ ನಿಂತುಬಿಟ್ಟಿತ್ತು. 2024-25ರಲ್ಲಿ ಅದು 8.8 ಕೋಟಿಗೆ, 2025-26ರಲ್ಲಿ 9.55 ಕೋಟಿಗೆ ಏರಿತು. ಅದರ ಮುಂದಿನ ಎರಡು ಸೀಸನ್‌ಗಳಿಗೆ ಲೀಗ್ ಮತ್ತು ಆಟಗಾರರ ಸಂಘ 2025ರ ಜನವರಿಯಲ್ಲೇ ಮುಂಗಡವಾಗಿ ಹೇಳಿಟ್ಟ ಅಂಕಿ 10.4 ಕೋಟಿ ಮತ್ತು 11.35 ಕೋಟಿ. ಇಷ್ಟು ವೇಗದ ಏರಿಕೆಯನ್ನು ಈಗಿನ ಬಹುತೇಕ ಜನರಲ್ ಮ್ಯಾನೇಜರ್‌ಗಳು ಆ ಕುರ್ಚಿಯಲ್ಲಿ ಕೂತು ಕಂಡದ್ದಿಲ್ಲ.

ದುಡ್ಡು ಬಂತು, ಇನ್ನು ತಂಡ ಕಟ್ಟುವುದು ಸಲೀಸು ಎಂದುಕೊಂಡರೆ ತಪ್ಪಾಗುತ್ತದೆ. ಮಿತಿ ಏರಿದ್ದು 32 ತಂಡಗಳಿಗೂ ಒಟ್ಟಿಗೇ. ಎಲ್ಲರ ಜೇಬಿಗೂ 75 ಲಕ್ಷ ಹೆಚ್ಚುವರಿ ಬಿದ್ದಾಗ, ಮಾರುಕಟ್ಟೆಯಲ್ಲಿರುವ ಒಳ್ಳೆಯ ಸೆಂಟರ್ ಆಟಗಾರರ ಸಂಖ್ಯೆ ಮಾತ್ರ ಹೆಚ್ಚುವುದಿಲ್ಲ. ಅವರ ಬೆಲೆ ಹೆಚ್ಚುತ್ತದೆ, ಅಷ್ಟೆ. ಜೊತೆಗೆ, ಹಿಂದೆ ಮಿತಿಯನ್ನು ಜಾಣತನದಿಂದ ದಾಟಲು ಇದ್ದ ಕಳ್ಳದಾರಿಗಳನ್ನು 2025-26ರಿಂದ ಒಂದೊಂದಾಗಿ ಮುಚ್ಚಲಾಗಿದೆ. ಹಾಗಾಗಿ ತಂಡ ಕಟ್ಟುವ ಮೂಲ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿದೆ: ಯಾರಿಗೆ ಎಷ್ಟು ಕೊಡಬೇಕು, ಎಷ್ಟು ವರ್ಷಕ್ಕೆ ಕೊಡಬೇಕು.

ತಾರೆಗಳಿಗೆ ಸುರಿಯುವ ಹಣವೇ ತಂಡಗಳನ್ನು ಮುಳುಗಿಸುತ್ತದೆ ಎಂಬ ಮಾತು ಅಭಿಮಾನಿಗಳಲ್ಲಿ ಗಟ್ಟಿಯಾಗಿದೆ. ಕಳೆದ ಹದಿನೈದು ವರ್ಷಗಳ ಲೆಕ್ಕಪತ್ರ ಬಿಡಿಸಿ ನೋಡಿದರೆ ಹೆಚ್ಚಿನ ತಂಡಗಳು ಕುಸಿದದ್ದು ನಡುವಿನ ವೇತನದ ಸಾಲಿನಲ್ಲಿ. 30 ದಾಟಿದ ಸಾಧಾರಣ ಆಟಗಾರನಿಗೆ 35ರಿಂದ 60 ಲಕ್ಷ ಡಾಲರ್, ನಾಲ್ಕೈದು ವರ್ಷಕ್ಕೆ ಬರೆದುಕೊಟ್ಟ ಒಪ್ಪಂದಗಳೇ ಅಲ್ಲಿ ಕಂಟಕ.

ಮೊದಲು ನಿಯಮ

2004-05ರ ಇಡೀ ಸೀಸನ್ ಮಾಲೀಕರ ಮತ್ತು ಆಟಗಾರರ ಜಗಳದಲ್ಲಿ ರದ್ದಾಯಿತು. ಆ ಜಗಳದಿಂದ ಹುಟ್ಟಿದ್ದೇ ಈ ಮಿತಿ. 2005-06ರಲ್ಲಿ ಅದು 3.9 ಕೋಟಿ ಇತ್ತು. 2013ರ ಒಪ್ಪಂದದಿಂದ ಈಚೆಗೆ ಹಾಕಿಯಿಂದ ಬರುವ ಆದಾಯವನ್ನು ಮಾಲೀಕರೂ ಆಟಗಾರರೂ ಅರ್ಧರ್ಧ ಹಂಚಿಕೊಳ್ಳುತ್ತಾರೆ. ಆಟಗಾರರ ಪಾಲು ಅರ್ಧಕ್ಕಿಂತ ಮೀರಿದರೆ ಸರಿದೂಗಿಸಲೆಂದು ಅವರ ಸಂಬಳದ ಒಂದಂಶವನ್ನು ಮೊದಲೇ ಹಿಡಿದಿಡಲಾಗುತ್ತದೆ. ಅಮೆರಿಕದ ಬಾಸ್ಕೆಟ್‌ಬಾಲ್ ಅಥವಾ ಬೇಸ್‌ಬಾಲ್ ಲೀಗ್‌ಗಳಲ್ಲಿರುವಂತೆ ದಂಡ ಕಟ್ಟಿ ಮಿತಿ ಮೀರುವ ಅವಕಾಶ ಇಲ್ಲಿಲ್ಲ. ಕೆಳಮಿತಿಯೂ ಇದೆ, 2025-26ರಲ್ಲಿ 7.06 ಕೋಟಿ. ಜಿಪುಣತನಕ್ಕೂ ಒಂದು ಗಡಿ ಬೇಕಲ್ಲ.

ಒಬ್ಬ ಆಟಗಾರನಿಗೆ ಒಂದು ವರ್ಷದಲ್ಲಿ ಮಿತಿಯ ಶೇ 20ಕ್ಕಿಂತ ಹೆಚ್ಚು ಕೊಡುವಂತಿಲ್ಲ. ತಂಡದಲ್ಲಿ ಏಕಕಾಲಕ್ಕೆ 23 ಮಂದಿ ಇರಬಹುದು, ಪಂದ್ಯಕ್ಕೆ ಇಳಿಯುವವರು 20 ಮಂದಿ: 18 ಸ್ಕೇಟರ್‌ಗಳು, ಇಬ್ಬರು ಗೋಲ್‌ಕೀಪರ್‌ಗಳು. ಕೆಳಹಂತದ ಲೀಗ್‌ನಲ್ಲಿ ಆಡುವವರೂ ಸೇರಿ ಒಟ್ಟು ಒಪ್ಪಂದಗಳು 50 ಮೀರುವಂತಿಲ್ಲ.

ಎಲ್ಲಕ್ಕಿಂತ ಮುಖ್ಯ ನಿಯಮ, ಕ್ಯಾಪ್ ಲೆಕ್ಕಕ್ಕೆ ಹಿಡಿಯುವುದು ವರ್ಷದ ಸರಾಸರಿಯನ್ನು. ಎಡ್ಮಂಟನ್ ಆಯಿಲರ್ಸ್‌ನ ಲಿಯಾನ್ ಡ್ರೈಸೈಟಲ್ 2024ರ ಸೆಪ್ಟೆಂಬರ್‌ನಲ್ಲಿ ಎಂಟು ವರ್ಷಕ್ಕೆ 11.2 ಕೋಟಿಗೆ ಸಹಿ ಹಾಕಿದರು. ಯಾವ ವರ್ಷ ಕೈಗೆ ಎಷ್ಟು ಬಂದರೂ ಕ್ಯಾಪ್‌ನಲ್ಲಿ ವರ್ಷಕ್ಕೆ 1.4 ಕೋಟಿ ಎಂದೇ ಬರೆದುಕೊಳ್ಳಬೇಕು.

ಐಪಿಎಲ್ ಹರಾಜು ನೋಡಿ ಬೆಳೆದ ನಮಗೆ ಇಲ್ಲೊಂದು ತೊಡಕಿದೆ. ಐಪಿಎಲ್‌ನ 2025ರ ಪರ್ಸ್ 120 ಕೋಟಿ ರೂಪಾಯಿ. ಆರ್‌ಸಿಬಿ ಅದರಲ್ಲಿ ಕೊಹ್ಲಿಗೆ 21 ಕೋಟಿ ಇಟ್ಟಿತು, ಅಂದರೆ ಶೇ 17.5. ನಮ್ಮ ಹಾಕಿ ಇಂಡಿಯಾ ಲೀಗ್‌ನ 2024ರ ಹರಾಜಿನಲ್ಲಿ ಪುರುಷರ ತಂಡವೊಂದಕ್ಕೆ 4 ಕೋಟಿ ರೂಪಾಯಿ ಪರ್ಸ್, 24 ಆಟಗಾರರು. ಸೂರ್ಮಾ ಹಾಕಿ ಕ್ಲಬ್ ಹರ್ಮನ್‌ಪ್ರೀತ್ ಸಿಂಗ್‌ಗೆ ಕೊಟ್ಟದ್ದು 78 ಲಕ್ಷ, ಶೇ 19.5. ಶೇಕಡಾವಾರು ನೋಡಿದರೆ ಎನ್‌ಎಚ್‌ಎಲ್‌ನ ತಾರೆಗಳಿಗೂ ಇವರಿಗೂ ದೂರವೇನಿಲ್ಲ. ಆದರೆ ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ದೊಡ್ಡ ಹರಾಜು ನಡೆದು ಹಳೆಯ ತಪ್ಪುಗಳೆಲ್ಲ ತೊಳೆದುಹೋಗುತ್ತವೆ. ಎನ್‌ಎಚ್‌ಎಲ್‌ನಲ್ಲಿ ಹರಾಜೇ ಇಲ್ಲ. 2018ರಲ್ಲಿ ಹಾಕಿದ ಸಹಿ 2025ರವರೆಗೂ ಲೆಕ್ಕದಲ್ಲಿ ಕೂತಿರುತ್ತದೆ.

9.55 ಕೋಟಿಯನ್ನು ಹಂಚುವುದು ಹೇಗೆ

ಒಂದು ಕಾಲ್ಪನಿಕ ತಂಡ ಕಟ್ಟಿ ನೋಡೋಣ. ಡಾಲರ್ ಅಂಕಿಗಳು ಮಾರುಕಟ್ಟೆಗೆ ಹತ್ತಿರ ಇರುವಂತೆ ಇಟ್ಟುಕೊಂಡದ್ದು, ಯಾವ ತಂಡದ್ದೂ ಅಲ್ಲ. ನಡುವೆ ಒಬ್ಬ ಸೆಂಟರ್, ಎರಡು ಬದಿಗೆ ಇಬ್ಬರು ವಿಂಗರ್‌ಗಳು ಸೇರಿದರೆ ಒಂದು ಸಾಲು. ಮೊದಲ ಸಾಲಿನ ಸೆಂಟರ್‌ಗೆ 1.2 ಕೋಟಿ, ಅವನ ಪಕ್ಕದ ತಾರಾ ವಿಂಗರ್‌ಗೆ 95 ಲಕ್ಷ, ಎರಡನೇ ಸೆಂಟರ್‌ಗೆ 80 ಲಕ್ಷ, ಉಳಿದ ಮೂವರು ಮುಖ್ಯ ವಿಂಗರ್‌ಗಳಿಗೆ 65, 55 ಮತ್ತು 45 ಲಕ್ಷ. ಆರೇ ಮಂದಿಗೆ 4.6 ಕೋಟಿ ಮುಗಿಯಿತು. ಮೂರನೇ ಸೆಂಟರ್‌ಗೆ 35 ಲಕ್ಷ, ಅವನ ಒಂದು ಬದಿಗೆ 20 ಲಕ್ಷದವನು, ಇನ್ನೊಂದು ಬದಿಗೆ 9.5 ಲಕ್ಷದ ಹೊಸ ಹುಡುಗ. ನಾಲ್ಕನೇ ಸಾಲಿಗೆ 12, 9, 8 ಲಕ್ಷ. ಹದಿಮೂರನೆಯ ಫಾರ್ವರ್ಡ್‌ಗೆ ಕನಿಷ್ಠ ವೇತನ 7.75 ಲಕ್ಷ. ಫಾರ್ವರ್ಡ್‌ಗಳ ಒಟ್ಟು ಮೊತ್ತ 5.61 ಕೋಟಿ.

ಡಿಫೆನ್ಸ್‌ನಲ್ಲಿ ಏಳು ಮಂದಿ: 95, 65, 45, 25, 10, 9.5, 8 ಲಕ್ಷ. ಒಟ್ಟು 2.575 ಕೋಟಿ. ಗೋಲ್‌ಕೀಪರ್‌ಗಳಿಗೆ 80 ಮತ್ತು 15 ಲಕ್ಷ. ಹಿಂದೆ ಯಾರನ್ನೋ ಬಿಡಿಸಿ ಕಳಿಸಿದ್ದಕ್ಕೆ ಉಳಿದ ಸತ್ತ ಹಣ 20 ಲಕ್ಷ. ಎಲ್ಲ ಸೇರಿ 9.34 ಕೋಟಿ ಆಯಿತು, ಉಳಿದದ್ದು ಸುಮಾರು 21 ಲಕ್ಷ.

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ತಂಡದಲ್ಲಿರುವುದು 22 ಮಂದಿ, 23 ಅಲ್ಲ. ಇಪ್ಪತ್ತಮೂರನೆಯವನು ಗ್ಯಾಲರಿಯಲ್ಲಿ ಕೂರಲು ಕನಿಷ್ಠ 7.75 ಲಕ್ಷ ತಿನ್ನುತ್ತಾನೆ. ಬಿಗಿ ಲೆಕ್ಕದ ತಂಡಗಳು ಆ ಜಾಗವನ್ನು ಖಾಲಿ ಇಡುವುದು ಇದೇ ಕಾರಣಕ್ಕೆ. ಎರಡು, 9.5 ಲಕ್ಷದ ಆ ಇಬ್ಬರು ಹುಡುಗರು, ಒಬ್ಬ ಫಾರ್ವರ್ಡ್, ಒಬ್ಬ ಡಿಫೆನ್ಸ್‌ಮನ್. ಅವರು 35 ಲಕ್ಷದವರ ಮಟ್ಟದಲ್ಲಿ ಆಡಿದರೆ ಮಾತ್ರ ಮೇಲಿನ ತಾರೆಗಳ ಸಂಬಳ ಹೊಂದಿಕೊಳ್ಳುತ್ತದೆ. ಅವರು ವಿಫಲರಾದರೆ ಆ ಎರಡು ಜಾಗ ತುಂಬಲು ಇನ್ನೂ 50 ಲಕ್ಷ ಹುಡುಕಬೇಕು, ಅದು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಈಗ 45 ಲಕ್ಷದ ವಿಂಗರ್ ಕೈಕೊಟ್ಟ ಎನ್ನಿ. ಕೆಳಗಿನ ಲೀಗ್‌ಗೆ ಕಳಿಸಿದರೆ ಕ್ಯಾಪ್‌ನಿಂದ ಇಳಿಯುವುದು ಕನಿಷ್ಠ ವೇತನದ ಮೇಲೆ 3.75 ಲಕ್ಷ ಸೇರಿಸಿದಷ್ಟು, ಅಂದರೆ 11.5 ಲಕ್ಷ ಮಾತ್ರ. ಉಳಿದ 33.5 ಲಕ್ಷ ಅಲ್ಲೇ ಕೂತಿರುತ್ತದೆ. ಟ್ರೇಡ್ ಮಾಡಲು, ಅಂದರೆ ಬೇರೆ ತಂಡಕ್ಕೆ ಸಾಗಹಾಕಲು, ಹೋದರೆ ಒಪ್ಪಂದದಲ್ಲಿ ‘ನನ್ನ ಒಪ್ಪಿಗೆಯಿಲ್ಲದೆ ಕಳಿಸುವಂತಿಲ್ಲ’ ಎಂಬ ಷರತ್ತಿರಬಹುದು. ಷರತ್ತಿಲ್ಲದಿದ್ದರೂ ಅವನನ್ನು ತೆಗೆದುಕೊಳ್ಳುವ ತಂಡ ಜೊತೆಗೊಂದು ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ) ಕೇಳುತ್ತದೆ. ತಾರೆಯ ಒಪ್ಪಂದವನ್ನು ಕೊಳ್ಳುವವರು ಯಾವಾಗಲೂ ಸಿಗುತ್ತಾರೆ. ನಡುವಿನವನದನ್ನು ಕೊಳ್ಳುವವರು ಸಿಗುವುದಿಲ್ಲ.

ಟೊರಾಂಟೊ ಕಲಿಸಿದ್ದೇನು

ತಾರೆಗಳ ಮೇಲೆ ಹಣ ಸುರಿದು ಕೆಟ್ಟ ತಂಡ ಎಂದಕೂಡಲೇ ಎಲ್ಲರೂ ಟೊರಾಂಟೊ ಮೇಪಲ್ ಲೀಫ್ಸ್ ಕಡೆ ಬೆರಳು ತೋರುತ್ತಾರೆ. ಜಾನ್ ಟವಾರೆಸ್ 2018ರಲ್ಲಿ ಏಳು ವರ್ಷಕ್ಕೆ ವಾರ್ಷಿಕ 1.1 ಕೋಟಿಗೆ ಬಂದರು. ಆಮೇಲೆ ವಿಲಿಯಂ ನೈಲಾಂಡರ್, ಆಸ್ಟನ್ ಮ್ಯಾಥ್ಯೂಸ್, ಮಿಚ್ ಮಾರ್ನರ್ ಸಾಲಾಗಿ ದೊಡ್ಡ ಒಪ್ಪಂದ ಪಡೆದರು. 2019-20ರಲ್ಲಿ ಈ ನಾಲ್ವರಿಗೇ ಕ್ಯಾಪ್‌ನ ಹತ್ತಿರ ಹತ್ತಿರ ಅರ್ಧ ಹೋಗುತ್ತಿತ್ತು. 2024-25ರಲ್ಲಿ ಅದು ಶೇ 53ಕ್ಕೆ ಏರಿತು. ಟವಾರೆಸ್ ಬಂದ ಮೇಲಿನ ಏಳು ಸೀಸನ್‌ಗಳಲ್ಲಿ ತಂಡ ಗೆದ್ದ ಪ್ಲೇಆಫ್ ಸರಣಿಗಳು ಎರಡು, 2023ರಲ್ಲಿ ಒಂದು, 2025ರಲ್ಲಿ ಇನ್ನೊಂದು.

ನಾಲ್ವರೂ ಅಂಕ ಗಳಿಸಿದರು, ಒಪ್ಪಂದಕ್ಕೆ ತಕ್ಕಂತೆ ಆಡಿದರು. ಕೆಟ್ಟದ್ದು ಕಾಲದ ಲೆಕ್ಕ. ಕ್ಯಾಪ್ ವರ್ಷ ವರ್ಷ ಏರುತ್ತದೆ, ಇಂದಿನ ಶೇ 13 ನಾಳೆ ಶೇ 11 ಆಗುತ್ತದೆ ಎಂಬ ನಂಬಿಕೆಯ ಮೇಲೆ ಆ ಸಹಿಗಳು ಬಿದ್ದಿದ್ದವು. ಕೋವಿಡ್ ಬಂದು ಮಿತಿ 8.15 ಕೋಟಿಯಲ್ಲೇ ಹೆಪ್ಪುಗಟ್ಟಿತು. ಟವಾರೆಸ್‌ಗೆ ವಯಸ್ಸಾಗುತ್ತಾ ಹೋಯಿತು, ಅವರ ಪಾಲು ಕರಗಲಿಲ್ಲ. ಪರಿಣಾಮ, ಪ್ರತಿ ಬೇಸಿಗೆಯಲ್ಲಿ ಡಿಫೆನ್ಸ್ ಮತ್ತು ಕೆಳಗಿನ ಎರಡು ಸಾಲುಗಳ ಹಲವು ಜಾಗಗಳನ್ನು ಅಗ್ಗದ ವೇತನದವರಿಂದ ಹೊಸದಾಗಿ ತುಂಬಬೇಕಾಯಿತು. ಗಟ್ಟಿ ಡಿಫೆನ್ಸ್ ಎದುರಾಗುವ ಪ್ಲೇಆಫ್‌ನಲ್ಲಿ ಅದರ ಬೆಲೆ ತೆರಬೇಕಾಯಿತು.

2025ರ ಬೇಸಿಗೆಯಲ್ಲಿ ಟವಾರೆಸ್ ನಾಲ್ಕು ವರ್ಷಕ್ಕೆ ವಾರ್ಷಿಕ 43.8 ಲಕ್ಷಕ್ಕೆ ಒಪ್ಪಿಕೊಂಡರು. ಮಾರ್ನರ್ ವಾರ್ಷಿಕ 1.2 ಕೋಟಿಯ ಎಂಟು ವರ್ಷದ ಒಪ್ಪಂದದೊಂದಿಗೆ ವೇಗಸ್ ಗೋಲ್ಡನ್ ನೈಟ್ಸ್‌ಗೆ ಹೋದರು.

ಹಾಗಾಗಿ ಒಪ್ಪಂದವನ್ನು ಡಾಲರ್‌ನಲ್ಲಿ ಓದಬಾರದು, ಕ್ಯಾಪ್‌ನ ಶೇಕಡಾವಾರು ಲೆಕ್ಕದಲ್ಲಿ ಓದಬೇಕು. ಮಿನೆಸೋಟ ವೈಲ್ಡ್ 2025ರ ಸೆಪ್ಟೆಂಬರ್ 30ರಂದು ಕಿರಿಲ್ ಕಪ್ರಿಝೋವ್‌ಗೆ ಎಂಟು ವರ್ಷಕ್ಕೆ 13.6 ಕೋಟಿ ಕೊಟ್ಟಾಗ ಎಲ್ಲರೂ ಹೌಹಾರಿದರು. ಲೀಗ್ ಇತಿಹಾಸದ ಅತಿ ದೊಡ್ಡ ಒಪ್ಪಂದ ಅದು. ವಾರ್ಷಿಕ 1.7 ಕೋಟಿ, ಆರಂಭವಾಗುವುದು 2026-27ರಲ್ಲಿ. ಅಂದಿನ 10.4 ಕೋಟಿಗೆ ಹೋಲಿಸಿದರೆ ಶೇ 16.3. ಎಡ್ಮಂಟನ್‌ನ ತಾರೆ ಕಾನರ್ ಮೆಕ್‌ಡೇವಿಡ್‌ರ 1.25 ಕೋಟಿಯ ಒಪ್ಪಂದ ಜಾರಿಗೆ ಬಂದ 2018-19ರಲ್ಲಿ ಮಿತಿ 7.95 ಕೋಟಿ ಇತ್ತು, ಅದು ಶೇ 15.7. ಎರಡಕ್ಕೂ ಅಂಥ ಅಂತರವೇನಿಲ್ಲ. ಹೌಹಾರಬೇಕಾದದ್ದು 31ರ ವಿಂಗರ್‌ಗೆ ಐದು ವರ್ಷಕ್ಕೆ 50 ಲಕ್ಷ ಕೊಟ್ಟಾಗ.

ಅಗ್ಗದ ವರ್ಷಗಳು

ಗೆದ್ದ ತಂಡಗಳಲ್ಲೆಲ್ಲ ಒಂದು ಸಾಮ್ಯ ಕಾಣುತ್ತದೆ: ತಮ್ಮ ಬೆಲೆಗಿಂತ ಬಹಳ ಕಡಿಮೆಗೆ ಆಡುವ ಮೂರ್ನಾಲ್ಕು ಮಂದಿ. ಅವರು ಬರುವ ದಾರಿಗಳು ಹೆಚ್ಚಿಲ್ಲ.

ಮೊದಲನೆಯದು ಹೊಸಬರ ಒಪ್ಪಂದ. 18ರಿಂದ 21ರ ವಯಸ್ಸಿನವನ ಮೊದಲ ಒಪ್ಪಂದ ಮೂರು ವರ್ಷದ್ದು, ಮೂಲ ಸಂಬಳಕ್ಕೆ 10 ಲಕ್ಷದ ಆಸುಪಾಸಿನ ಮಿತಿ. ಸಾಧನೆಯ ಬೋನಸ್ ಬೇರೆ. 18-19ರ ಹುಡುಗ ಆ ಸೀಸನ್‌ನಲ್ಲಿ ಹತ್ತನೇ ಪಂದ್ಯ ಆಡದಿದ್ದರೆ ಒಪ್ಪಂದದ ಮೊದಲ ವರ್ಷ ಖರ್ಚಾಗುವುದಿಲ್ಲ, ಮುಂದಕ್ಕೆ ಸರಿಯುತ್ತದೆ. ಒಂಬತ್ತು ಪಂದ್ಯ ಆಡಿಸಿ ಹುಡುಗನನ್ನು ಜೂನಿಯರ್ ತಂಡಕ್ಕೆ ವಾಪಸ್ ಕಳಿಸುವುದರ ಹಿಂದಿನ ಲೆಕ್ಕ ಇದೇ.

ಬೋನಸ್‌ನಲ್ಲಿ ಒಂದು ಮುಳ್ಳಿದೆ. ವರ್ಷಾಂತ್ಯಕ್ಕೆ ಬೋನಸ್ ಸೇರಿ ಮಿತಿ ಮೀರಿದರೆ, ಮೀರಿದಷ್ಟು ಮುಂದಿನ ವರ್ಷದ ಕ್ಯಾಪ್‌ನಿಂದ ಕಡಿತ. ಷಿಕಾಗೊ ಬ್ಲ್ಯಾಕ್‌ಹಾಕ್ಸ್ 2010ರಲ್ಲಿ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದ ಬೆನ್ನಿಗೇ ಜೊನಾಥನ್ ಟೇವ್ಸ್ ಮತ್ತು ಪ್ಯಾಟ್ರಿಕ್ ಕೇನ್‌ರ ಬೋನಸ್‌ಗಳು ತಲೆ ಮೇಲೆ ಬಂದವು. ಆ ಬೇಸಿಗೆಯಲ್ಲೇ ಡಸ್ಟಿನ್ ಬಫ್ಲಿನ್, ಆಂಡ್ರೂ ಲ್ಯಾಡ್, ಕ್ರಿಸ್ ವರ್ಸ್ಟೀಗ್‌ರನ್ನು ಬೇರೆಡೆ ಕಳಿಸಿದರು. ಕಪ್ ಗೆಲ್ಲಿಸಿದ ಗೋಲ್‌ಕೀಪರ್ ಆಂಟಿ ನಿಯೆಮಿಗೆ ಮಧ್ಯಸ್ಥಗಾರರು ನಿಗದಿಪಡಿಸಿದ 27.5 ಲಕ್ಷವನ್ನೂ ಕೊಡಲಾಗದೆ ಬಿಟ್ಟುಕೊಟ್ಟರು. ಸಾಲದ್ದಕ್ಕೆ ಸ್ಯಾನ್ ಹೋಸೆ, ಡಿಫೆನ್ಸ್‌ಮನ್ ನಿಕ್ಲಾಸ್ ಯಾಲ್ಮರ್ಸನ್‌ಗೆ ನಾಲ್ಕು ವರ್ಷಕ್ಕೆ 1.4 ಕೋಟಿ ಬರೆದು ಷಿಕಾಗೊ ಅದನ್ನು ಸರಿಗಟ್ಟುವಂತೆ ಮಾಡಿತ್ತು.

ಎರಡನೆಯದು ಎರಡನೇ ಒಪ್ಪಂದ. ಹೆಚ್ಚಿನ ಲಾಭ ಸಿಗುವುದೂ ದೊಡ್ಡ ಜೂಜು ನಡೆಯುವುದೂ ಇಲ್ಲೇ. ಆಟಗಾರ ಪೂರ್ತಿ ಸ್ವತಂತ್ರನಾಗುವುದು 27 ತುಂಬಿದಾಗ ಅಥವಾ ಏಳು ಸೀಸನ್ ಮುಗಿಸಿದಾಗ. ಅಲ್ಲಿಯವರೆಗೆ ಹಕ್ಕು ತಂಡದ ಬಳಿ ಇರುತ್ತದೆ. 21-22ರ ಹುಡುಗ ಇನ್ನೂ ಪೂರ್ತಿ ಅರಳಿರುವುದಿಲ್ಲ. ಆಗಲೇ ಏಳೆಂಟು ವರ್ಷಕ್ಕೆ ಸಹಿ ಹಾಕಿಸಿದರೆ ಅವನ ಅತ್ಯುತ್ತಮ ವರ್ಷಗಳೆಲ್ಲ ಹಳೆಯ ಬೆಲೆಗೆ ಸಿಗುತ್ತವೆ. ಕೊಲೊರಾಡೊ 2016ರಲ್ಲಿ ನೇಥನ್ ಮೆಕಿನನ್‌ರನ್ನು ಏಳು ವರ್ಷಕ್ಕೆ ವಾರ್ಷಿಕ 63 ಲಕ್ಷಕ್ಕೆ ಹಿಡಿದಿಟ್ಟಿತು. 2022ರಲ್ಲಿ ಕಪ್ ಗೆದ್ದಾಗ ಲೀಗ್‌ನ ಅತ್ಯುತ್ತಮ ಸೆಂಟರ್‌ಗಳಲ್ಲಿ ಒಬ್ಬರು ಕ್ಯಾಪ್‌ನ ಶೇ 8ಕ್ಕೂ ಕಡಿಮೆ ಬೆಲೆಗೆ ಆಡುತ್ತಿದ್ದರು. ಮುಂದಿನ ಒಪ್ಪಂದದಲ್ಲಿ ಅವರ ಬೆಲೆ ಸರಿಯಾಗಿ ದುಪ್ಪಟ್ಟಾಯಿತು, 1.26 ಕೋಟಿ. ಹುಡುಗ ಅರಳದೇ ಹೋದರೆ ಅದೇ ಏಳು ವರ್ಷ ಕೊರಳಿಗೆ ಉರುಳು. ಎರಡು-ಮೂರು ವರ್ಷದ ಸಣ್ಣ ಒಪ್ಪಂದ ಮಾಡಿಕೊಳ್ಳುವುದು ಸುರಕ್ಷಿತ ಎನಿಸುತ್ತದೆ. ಆದರೆ ಕ್ಯಾಪ್ ಈ ವೇಗದಲ್ಲಿ ಏರುತ್ತಿರುವಾಗ ಸಣ್ಣ ಒಪ್ಪಂದದ ಲಾಭವೆಲ್ಲ ಆಟಗಾರನಿಗೆ ಹೋಗುತ್ತದೆ.

ಮೂರನೆಯದು ಬೇರೆಯವರು ಬಿಸಾಡಿದ್ದನ್ನು ಹೆಕ್ಕುವುದು. ಗುಸ್ತಾವ್ ಫೋರ್ಸ್‌ಲಿಂಗ್‌ರನ್ನು ಕ್ಯಾರೊಲಿನಾ 2021ರ ಜನವರಿಯಲ್ಲಿ ವೇವರ್ ಪಟ್ಟಿಗೆ ಹಾಕಿತು. ಫ್ಲೋರಿಡಾ ಪ್ಯಾಂಥರ್ಸ್ ಏನೂ ಕೊಡದೆ ಎತ್ತಿಕೊಂಡಿತು. 2024 ಮತ್ತು 2025ರಲ್ಲಿ ಕಪ್ ಗೆದ್ದಾಗ ಅವರು ಆ ತಂಡದ ಡಿಫೆನ್ಸ್‌ನ ಬೆನ್ನೆಲುಬು.

ಈ ಎಲ್ಲವನ್ನೂ ಒಂದೇ ಪ್ರಕರಣದಲ್ಲಿ ನೋಡಬೇಕೆಂದರೆ 2024ರ ಬೇಸಿಗೆಯ ಎಡ್ಮಂಟನ್ ಸಾಕು. ಹಿಂದಿನ ತಿಂಗಳಷ್ಟೇ ಫೈನಲ್ ಸೋತಿದ್ದ ತಂಡ ಜುಲೈ 1ರಂದು ವಿಕ್ಟರ್ ಆರ್ವಿಡ್ಸನ್‌ಗೆ 40 ಲಕ್ಷ, ಜೆಫ್ ಸ್ಕಿನ್ನರ್‌ಗೆ 30 ಲಕ್ಷ ಕೊಟ್ಟಿತು. ಆಡಂ ಹೆನ್ರಿಕ್‌ರನ್ನು 30 ಲಕ್ಷಕ್ಕೆ ಉಳಿಸಿಕೊಂಡಿತು. ಮೂವರೂ 30 ದಾಟಿದವರು, ಒಟ್ಟು 1 ಕೋಟಿ. ಜನ ಚಪ್ಪಾಳೆ ತಟ್ಟಿದರು. ಕ್ಯಾಪ್ ಬಹುತೇಕ ತುಂಬಿತು. ಆದರೆ ತಂಡದ ಇಬ್ಬರು ಹುಡುಗರು, ಡಿಫೆನ್ಸ್‌ಮನ್ ಫಿಲಿಪ್ ಬ್ರೊಬರ್ಗ್ ಮತ್ತು ಫಾರ್ವರ್ಡ್ ಡಿಲನ್ ಹಾಲೊವೇ, ಇನ್ನೂ ಸಹಿ ಹಾಕಿರಲಿಲ್ಲ.

ಆಗಸ್ಟ್ 13ರಂದು ಸೇಂಟ್ ಲೂಯಿಸ್ ಬ್ಲೂಸ್ ಇಬ್ಬರಿಗೂ ಆಫರ್ ಶೀಟ್, ಅಂದರೆ ಇನ್ನೊಂದು ತಂಡದ ಹಕ್ಕಿನಲ್ಲಿರುವ ಆಟಗಾರನಿಗೆ ಬರೆದುಕೊಡುವ ಒಪ್ಪಂದ, ಕಳಿಸಿತು. ಬ್ರೊಬರ್ಗ್‌ಗೆ ವಾರ್ಷಿಕ 45,80,917 ಡಾಲರ್, ಹಾಲೊವೇಗೆ 22,90,457 ಡಾಲರ್, ಎರಡೆರಡು ವರ್ಷ. ಈ ವಿಚಿತ್ರ ಅಂಕಿಗಳ ಹಿಂದೆ ಲೆಕ್ಕವಿದೆ. ಹೀಗೆ ಆಟಗಾರನನ್ನು ಕಸಿದುಕೊಂಡರೆ ಮೊತ್ತಕ್ಕೆ ತಕ್ಕಂತೆ ಡ್ರಾಫ್ಟ್ ಪಿಕ್‌ಗಳನ್ನು ಪರಿಹಾರವಾಗಿ ಕೊಡಬೇಕು. 22,90,457ರವರೆಗೆ ಮೂರನೇ ಸುತ್ತಿನ ಪಿಕ್ ಸಾಕು, 45,80,917ರವರೆಗೆ ಎರಡನೇ ಸುತ್ತಿನದು. ಎರಡರಲ್ಲೂ ಮೆಟ್ಟಿಲಿನ ಕೊನೆಯ ಡಾಲರ್‌ವರೆಗೂ ಹೋಗಿ ನಿಂತರು. ಪರಿಹಾರಕ್ಕೆ ತಂಡದ ಸ್ವಂತ ಪಿಕ್‌ಗಳೇ ಆಗಬೇಕಾದ್ದರಿಂದ, ಮೊದಲೇ ಪಿಟ್ಸ್‌ಬರ್ಗ್‌ಗೆ ಕೊಟ್ಟಿದ್ದ ತಮ್ಮ ಎರಡನೇ ಸುತ್ತಿನ ಪಿಕ್ ಅನ್ನು ಬ್ಲೂಸ್ ಮರಳಿ ಕೊಂಡಿತ್ತು. ಏಳು ದಿನದಲ್ಲಿ ಸರಿಗಟ್ಟಬೇಕಿದ್ದ ಎಡ್ಮಂಟನ್ ಎರಡನ್ನೂ ಕೈಬಿಟ್ಟಿತು.

ಆ ಸೀಸನ್‌ನಲ್ಲಿ ಹಾಲೊವೇ 63 ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದರು. ಆರ್ವಿಡ್ಸನ್, ಸ್ಕಿನ್ನರ್, ಹೆನ್ರಿಕ್ ಮೂವರಲ್ಲಿ ಒಬ್ಬರೂ 30 ಮುಟ್ಟಲಿಲ್ಲ. 2025ರಲ್ಲಿ ಎಡ್ಮಂಟನ್ ಮತ್ತೆ ಫೈನಲ್ ತಲುಪಿ ಮತ್ತೆ ಫ್ಲೋರಿಡಾಗೆ ಸೋತಿತು. ಡ್ರೈಸೈಟಲ್ ಆ ವರ್ಷ ಇನ್ನೂ 85 ಲಕ್ಷದ ಹಳೆಯ ಒಪ್ಪಂದದಲ್ಲೇ ಇದ್ದರು. ತಾರೆಗಳು ಅಗ್ಗವಾಗಿದ್ದಾಗಲೇ ನಡುವಿನ ಸಾಲು ಕೈಕೊಟ್ಟಿತು.

ಸತ್ತ ಹಣ

ಒಪ್ಪಂದ ಮುರಿಯಲು ದಾರಿ ಇದೆ. 26 ತುಂಬಿದವನಿಗೆ ಬಾಕಿ ಸಂಬಳದ ಮೂರನೇ ಎರಡು ಭಾಗ ಕೊಟ್ಟು ಬಿಡಿಸಬಹುದು. ಅದನ್ನು ಬಾಕಿ ವರ್ಷಗಳ ಎರಡರಷ್ಟು ಅವಧಿಗೆ ಹರಡಬೇಕು. ವರ್ಷಕ್ಕೆ 60 ಲಕ್ಷದಂತೆ ಎರಡು ವರ್ಷ ಬಾಕಿ ಇದ್ದರೆ 80 ಲಕ್ಷವನ್ನು ನಾಲ್ಕು ವರ್ಷ, 20 ಲಕ್ಷದಂತೆ ಹೊರಬೇಕು. ಸಂಬಳವನ್ನು ಸಹಿ ಬೋನಸ್ ರೂಪದಲ್ಲಿ ಬರೆದಿದ್ದರೆ ಆ ಭಾಗಕ್ಕೆ ಈ ರಿಯಾಯಿತಿ ಇಲ್ಲ. ಜಾಣ ಏಜೆಂಟರು ಬೋನಸ್‌ಗೆ ಪಟ್ಟು ಹಿಡಿಯುವುದು ಅದಕ್ಕೇ.

ಮಿನೆಸೋಟದ ಕಥೆ ಇನ್ನೂ ಕಹಿ. 2012ರ ಜುಲೈ 4ರಂದು ಝಾಕ್ ಪರೀಸೆ ಮತ್ತು ರಯಾನ್ ಸೂಟರ್‌ಗೆ ತಲಾ 13 ವರ್ಷಕ್ಕೆ 9.8 ಕೋಟಿ ಕೊಟ್ಟರು. ಕ್ಯಾಪ್‌ನಲ್ಲಿ ತಲಾ 75.38 ಲಕ್ಷ. ಆದರೆ ಹಣವನ್ನು ಮೊದಲ ವರ್ಷಗಳಲ್ಲೇ ಸುರಿದು ಕೊನೆಯ ವರ್ಷಗಳಿಗೆ 10 ಲಕ್ಷ ಮಾತ್ರ ಉಳಿಸಿದ್ದರು. 2021ರಲ್ಲಿ ಇಬ್ಬರನ್ನೂ ಬಿಡಿಸಿದಾಗ ತಲಾ ಬಾಕಿ 1 ಕೋಟಿ. ಅದರ ಮೂರನೇ ಎರಡು ಭಾಗವನ್ನು ಎಂಟು ವರ್ಷಕ್ಕೆ ಹರಡಿದರೆ ವರ್ಷಕ್ಕೆ 8.33 ಲಕ್ಷ. ನೋಡಲು ಪುಡಿಗಾಸು. ಕ್ಯಾಪ್ ಲೆಕ್ಕ ಬೇರೆ: ಮೂಲ 75.38 ಲಕ್ಷದಿಂದ, ಸಂಬಳದಲ್ಲಿ ನಿಜವಾಗಿ ಉಳಿದಷ್ಟನ್ನು ಮಾತ್ರ ಕಳೆಯಬೇಕು. 10 ಲಕ್ಷದ ಸಂಬಳದಲ್ಲಿ 8.33 ಕೊಟ್ಟರೆ ಉಳಿದದ್ದು 1.67 ಲಕ್ಷ. ಹಾಗಾಗಿ ತಲಾ 73.7 ಲಕ್ಷ ಕ್ಯಾಪ್‌ನಲ್ಲೇ ನಿಂತಿತು. 2023-24 ಮತ್ತು 2024-25ರಲ್ಲಿ ತಂಡದಲ್ಲೇ ಇಲ್ಲದ ಇಬ್ಬರಿಗೆ 1.474 ಕೋಟಿ. 8.8 ಕೋಟಿಯಲ್ಲಿ ಶೇ 16.8, ಕಪ್ರಿಝೋವ್‌ರ ಹೊಸ ಒಪ್ಪಂದ ತಿನ್ನುವ ಪಾಲಿಗಿಂತ ಹೆಚ್ಚು. ಅಷ್ಟಾದರೂ 2025ರಲ್ಲಿ ಪ್ಲೇಆಫ್ ತಲುಪಿತು ಎನ್ನುವುದು ಆ ತಂಡದ ಮ್ಯಾನೇಜರ್‌ಗೆ ಸಲ್ಲಬೇಕಾದ ಮೆಚ್ಚುಗೆ. 2025-26ರಿಂದ ಆ ಹೊರೆ 16.7 ಲಕ್ಷಕ್ಕೆ ಇಳಿದಿದೆ.

ಸೀಸನ್ ನಡುವಿನ ಕಸರತ್ತು, ಮುಚ್ಚಿದ ದಾರಿಗಳು

ಕ್ಯಾಪ್ ಲೆಕ್ಕ ನಡೆಯುವುದು ದಿನದ ಮೇಲೆ. ಸೀಸನ್‌ಗೆ ಸುಮಾರು 190 ದಿನ. ನಮ್ಮ ಕಾಲ್ಪನಿಕ ತಂಡದ ಬಳಿ ವರ್ಷಕ್ಕೆ 21.25 ಲಕ್ಷ ಉಳಿದಿದೆ. ಅದನ್ನು ಮುಟ್ಟದೆ ಇಟ್ಟರೆ, ಮಾರ್ಚ್ ಮೊದಲ ವಾರದ ಟ್ರೇಡ್ ಗಡುವಿಗೆ 42 ದಿನ ಬಾಕಿ ಇರುವಾಗ, ವಾರ್ಷಿಕ 96 ಲಕ್ಷದ ಆಟಗಾರನನ್ನೇ ತರಬಹುದು. ಅವನ ಸಂಬಳದಲ್ಲಿ 42 ದಿನದ್ದು ಮಾತ್ರ ಲೆಕ್ಕಕ್ಕೆ ಬರುತ್ತದಲ್ಲ. ಅಕ್ಟೋಬರ್‌ನಲ್ಲಿ 20 ಲಕ್ಷದ ವಿಂಗರ್‌ನನ್ನು ತಂದು ಕೂರಿಸುವ ತಂಡ ಈ ಅವಕಾಶವನ್ನು ಕಳೆದುಕೊಳ್ಳುತ್ತದೆ.

ಗಾಯಾಳು ಪಟ್ಟಿಯ ಲೆಕ್ಕ ಬೇರೆ ಥರ. ಕನಿಷ್ಠ 10 ಪಂದ್ಯ ಮತ್ತು 24 ದಿನ ಹೊರಗುಳಿಯುವವನನ್ನು ದೀರ್ಘಕಾಲೀನ ಪಟ್ಟಿಗೆ ಹಾಕಿದರೆ ಅವನ ಬದಲಿಗೆ ಮಿತಿ ಮೀರಿ ಖರ್ಚು ಮಾಡಬಹುದು. ಆದರೆ ಹಾಗೆ ಮೀರಿದ ದಿನಗಳಲ್ಲಿ ಮೇಲೆ ಹೇಳಿದ ದಿನದ ಉಳಿತಾಯ ನಿಂತುಹೋಗುತ್ತದೆ. ಮತ್ತೊಂದು ಸೂಕ್ಷ್ಮ: ಪಟ್ಟಿಗೆ ಹಾಕುವ ದಿನ ಮಿತಿಗೆ ಎಷ್ಟು ಹತ್ತಿರವಿದ್ದೀರೋ ಅಷ್ಟು ಹೆಚ್ಚು ಸಡಿಲಿಕೆ. 95 ಲಕ್ಷದವನು ಗಾಯಗೊಂಡಾಗ ಕ್ಯಾಪ್‌ನಲ್ಲಿ 2 ಲಕ್ಷ ಖಾಲಿ ಇದ್ದರೆ ಸಿಗುವುದು 93 ಲಕ್ಷ.

ಪ್ಲೇಆಫ್ ಶುರುವಾದೊಡನೆ ಕ್ಯಾಪ್ ಲೆಕ್ಕವೇ ಇರುತ್ತಿರಲಿಲ್ಲ, ದೊಡ್ಡ ರಂಧ್ರ ಅದೇ. ಟ್ಯಾಂಪಾ ಬೇಯ ನಿಕಿತಾ ಕುಚೆರೊವ್ 2020-21ರ ಇಡೀ ಲೀಗ್ ಹಂತಕ್ಕೆ ಹೊರಗಿದ್ದು, ಪ್ಲೇಆಫ್‌ನ ಮೊದಲ ಪಂದ್ಯಕ್ಕೇ ಮರಳಿ, ಅತಿ ಹೆಚ್ಚು ಪಾಯಿಂಟ್ ಗಳಿಸಿ ಕಪ್ ಎತ್ತಿದರು. ಸಂಭ್ರಮಾಚರಣೆಯಲ್ಲಿ ‘ಮಿತಿಗಿಂತ 1.8 ಕೋಟಿ ಮೇಲೆ’ ಎಂದು ಬರೆದ ಟೀಶರ್ಟ್ ತೊಟ್ಟು ಮೆರೆದರು. 2023ರಲ್ಲಿ ವೇಗಸ್‌ನ ಮಾರ್ಕ್ ಸ್ಟೋನ್ ಹೀಗೆಯೇ ಮರಳಿದರು. 2025ರಲ್ಲಿ ಫ್ಲೋರಿಡಾ, ಮ್ಯಾಥ್ಯೂ ಟ್ಕಾಚಕ್‌ರ 95 ಲಕ್ಷದ ಜಾಗದಲ್ಲಿ ಸೆತ್ ಜೋನ್ಸ್ ಮತ್ತು ಬ್ರಾಡ್ ಮಾರ್ಷಂಡ್‌ರನ್ನು ತಂದಿತು. ಪ್ಲೇಆಫ್‌ಗೆ ಮೂವರೂ ಕಣದಲ್ಲಿದ್ದರು. ನಿಯಮ ಮುರಿದವರು ಯಾರೂ ಇಲ್ಲ. ನಿಯಮವೇ ಹಾಗಿತ್ತು.

2025-26ರಿಂದ ಪ್ಲೇಆಫ್‌ನ ಪ್ರತಿ ಪಂದ್ಯಕ್ಕೂ ಕಣಕ್ಕಿಳಿಯುವ 20 ಮಂದಿಯ ಕ್ಯಾಪ್ ಮೊತ್ತ ಮಿತಿಯೊಳಗಿರಬೇಕು, ಸತ್ತ ಹಣವನ್ನೂ ಸೇರಿಸಿ. ಅದೇ ಸೀಸನ್‌ನಲ್ಲಿ ಮರಳುವ ಗಾಯಾಳುವಿನ ಬದಲಿಗೆ ಸಿಗುವ ಸಡಿಲಿಕೆಯನ್ನು ಹಿಂದಿನ ವರ್ಷದ ಸರಾಸರಿ ವೇತನಕ್ಕೆ, ಸುಮಾರು 38 ಲಕ್ಷಕ್ಕೆ, ಕಟ್ಟಿಹಾಕಲಾಗಿದೆ. ಪೂರ್ತಿ ಸಡಿಲಿಕೆ ಬೇಕಿದ್ದರೆ ಆಟಗಾರ ಪ್ಲೇಆಫ್‌ನಲ್ಲೂ ಇಳಿಯಬಾರದು.

ಸಂಬಳ ಉಳಿಸಿಕೊಂಡು ಟ್ರೇಡ್ ಮಾಡುವುದಕ್ಕೂ ಕಡಿವಾಣ ಬಿದ್ದಿದೆ. ಮಾರುವ ತಂಡ ಅರ್ಧದವರೆಗೆ ಸಂಬಳ ತಾನೇ ಹೊರಬಹುದು. ಏಕಕಾಲಕ್ಕೆ ಇಂಥ ಮೂರು ಒಪ್ಪಂದಗಳು ಮಾತ್ರ. ನಡುವೆ ಇನ್ನೊಂದು ತಂಡ ಉಳಿದರ್ಧದ ಅರ್ಧ ಹೊತ್ತರೆ 1 ಕೋಟಿಯವನು 25 ಲಕ್ಷಕ್ಕೆ ಸಿಗುತ್ತಿದ್ದ, ಅದೂ ಒಂದೇ ದಿನದಲ್ಲಿ. ಈಗ ಎರಡು ಬಾರಿ ಉಳಿಸಿಕೊಳ್ಳುವುದರ ನಡುವೆ 75 ದಿನದ ಅಂತರ ಬೇಕು. ಗಡುವಿನ ದಿನ ಮೂರು ತಂಡ ಸೇರಿ ಹೆಣೆಯುತ್ತಿದ್ದ ಆಟ ಹೆಚ್ಚುಕಡಿಮೆ ಮುಗಿದಂತೆ.

ಉಳಿದದ್ದು ತೆರಿಗೆಯ ತಕರಾರು. ಫ್ಲೋರಿಡಾ, ಟೆಕ್ಸಸ್, ನೆವಾಡದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಒಂಟಾರಿಯೊ, ಕ್ವಿಬೆಕ್‌ನಲ್ಲಿ ಮೇಲಿನ ಸ್ತರದ ತೆರಿಗೆ ಅರ್ಧ ದಾಟುತ್ತದೆ. ಸ್ಯಾಮ್ ರೈನ್‌ಹಾರ್ಟ್ ಫ್ಲೋರಿಡಾದಲ್ಲಿ 86.25 ಲಕ್ಷಕ್ಕೆ ಒಪ್ಪಿದ್ದರಲ್ಲಿ ಇದರ ಪಾಲೂ ಇರಬಹುದು. ಆದರೆ ಅದೇ ತೆರಿಗೆಯಿಲ್ಲದ ಊರುಗಳಲ್ಲಿ ಈ ತಂಡಗಳು ವರ್ಷಗಟ್ಟಲೆ ಸೋತದ್ದನ್ನೂ ನೆನಪಿಡಬೇಕು.

ಗೋಲ್‌ಕೀಪರ್‌ಗೆ ಎಷ್ಟು ಎಂಬ ಪ್ರಶ್ನೆಗೆ ಯಾರ ಬಳಿಯೂ ನೇರ ಉತ್ತರವಿಲ್ಲ. ಫ್ಲೋರಿಡಾ 1 ಕೋಟಿಯ ಸರ್ಗೆ ಬೊಬ್ರೊವ್‌ಸ್ಕಿಯೊಂದಿಗೆ ಎರಡು ಕಪ್ ಗೆದ್ದಿತು. ವೇಗಸ್ 2023ರಲ್ಲಿ 21.75 ಲಕ್ಷದ ಏಡಿನ್ ಹಿಲ್‌ರೊಂದಿಗೆ ಗೆದ್ದಿತು. ಈ ಸ್ಥಾನದಲ್ಲಿ ಈ ವರ್ಷದ ಆಟದಿಂದ ಮುಂದಿನ ವರ್ಷವನ್ನು ಊಹಿಸುವುದು ಕಷ್ಟ. ಅನುಮಾನವಿದ್ದರೆ ಅವಧಿ ಕಡಿಮೆ ಮಾಡಿ, ಆ ಹಣವನ್ನು ಡಿಫೆನ್ಸ್‌ಗೆ ಹಾಕುವುದು ಮೇಲು.

2026ರ ಸೆಪ್ಟೆಂಬರ್ 16ರಿಂದ ಜಾರಿಯಾಗುವ ಹೊಸ ಒಡಂಬಡಿಕೆಯಲ್ಲಿ ಸ್ವಂತ ಆಟಗಾರನಿಗೆ ಕೊಡಬಹುದಾದ ಗರಿಷ್ಠ ಅವಧಿ ಎಂಟರಿಂದ ಏಳು ವರ್ಷಕ್ಕೆ, ಹೊರಗಿನವನಿಗೆ ಏಳರಿಂದ ಆರಕ್ಕೆ ಇಳಿಯುತ್ತದೆ. ಮೊತ್ತವನ್ನು ಹರಡಲು ಒಂದು ವರ್ಷ ಕಡಿಮೆಯಾದರೆ ವಾರ್ಷಿಕ ಸರಾಸರಿ ಏರುತ್ತದೆ. ಕನಿಷ್ಠ ವೇತನವೂ 8.5 ಲಕ್ಷಕ್ಕೆ ಏರುವುದರಿಂದ ಕೊನೆಯ ಸಾಲು ದುಬಾರಿಯಾಗುತ್ತದೆ. 10.4 ಕೋಟಿಯ ಏರಿಕೆಯಲ್ಲಿ ಒಂದಷ್ಟು ಹೀಗೇ ಸೋರಿಹೋಗುತ್ತದೆ.

ಇಷ್ಟರ ನಡುವೆ ಮೆಕ್‌ಡೇವಿಡ್ 2025ರ ಅಕ್ಟೋಬರ್‌ನಲ್ಲಿ ಎರಡೇ ವರ್ಷಕ್ಕೆ, ಅದೂ ಹಳೆಯ 1.25 ಕೋಟಿಗೇ, ಒಪ್ಪಂದ ಮುಂದುವರಿಸಿದರು. 2027-28ರ 11.35 ಕೋಟಿಯಲ್ಲಿ ಅದು ಶೇ 11 ಮಾತ್ರ. ಆ ಮಿತಿಯ ಶೇ 20 ಎಂದರೆ 2.27 ಕೋಟಿ. ಆ ಶೇ 20ರ ಗಡಿಗೆ ಹೋಲಿಸಿದರೆ ಎಡ್ಮಂಟನ್ ಕೈಗೆ 2026-27ರಲ್ಲಿ 83 ಲಕ್ಷದ, 2027-28ರಲ್ಲಿ ಹತ್ತಿರ ಹತ್ತಿರ 1 ಕೋಟಿಯ ರಿಯಾಯಿತಿ ಸಿಕ್ಕಿದೆ. 2024ರ ಜುಲೈ 1ರಂದು ಆ ತಂಡ ಮೂವರ ಮೇಲೆ ಸುರಿದದ್ದೂ ಅಷ್ಟೇ ಮೊತ್ತ.